ಮನೆತನಗಳ ಮೈದಾನ

ಕೊಡಗಿನ ನಾಪೋಕ್ಲುವಿನಲ್ಲಿ ಚೆರಿಯಪರಂಬು ಎಂಬ ಮೈದಾನವಿದೆ. ಜನರಲ್ ತಿಮ್ಮಯ್ಯನವರ ಹೆಸರು ಹೊತ್ತ ಈ ಬಯಲಿನ ಸುತ್ತ ಹಾಕಿ ಹಬ್ಬದ ವರ್ಷ ಗ್ಯಾಲರಿ ಏಳುತ್ತದೆ. ಸಾವಿರಾರು ಜನ ಬಿಸಿಲನ್ನೂ ಲೆಕ್ಕಿಸದೆ ಅಲ್ಲಿ ಕೂತು ಆಟ ನೋಡುತ್ತಾರೆ. ಆಡುವವರು ಹೆಸರಾಂತ ಕ್ಲಬ್ಬುಗಳವರಲ್ಲ, ಮನೆತನಗಳವರು.

ಇದರ ಮೂಲ 1997ರಲ್ಲಿದೆ. ಉದ್ಯೋಗಕ್ಕೆಂದು ಬೆಂಗಳೂರು, ಮೈಸೂರು ಸೇರಿದ ಮಕ್ಕಳಿಗೆ ತಮ್ಮ ಒಕ್ಕದವರ, ಅಂದರೆ ಒಂದೇ ಮನೆತನದವರ, ಗುರುತೇ ಸಿಗದಂತಾಗುತ್ತಿದ್ದ ಕಾಲ ಅದು. ಬ್ಯಾಂಕ್ ನೌಕರರಾಗಿದ್ದ, ಹಾಕಿ ಬಲ್ಲ ಪಾಂಡಂಡ ಕುಟ್ಟಪ್ಪನವರಿಗೆ ಒಂದು ಉಪಾಯ ಹೊಳೆಯಿತು: ಮನೆತನಕ್ಕೊಂದು ತಂಡ. ಕರಡ ಗ್ರಾಮದಲ್ಲಿ ನಡೆದ ಮೊದಲ ಪಂದ್ಯಾವಳಿಗೆ 60 ತಂಡಗಳು ಬಂದವು. ಆಮೇಲೆ ವರ್ಷಕ್ಕೊಂದು ಮನೆತನ ಹಬ್ಬದ ಹೊಣೆ ಹೊತ್ತಿತು. ಕಪ್ಪಿಗೆ ಆ ಮನೆತನದ್ದೇ ಹೆಸರು.

ಇಲ್ಲಿನ ತಂಡಗಳನ್ನು ನೋಡಬೇಕು! ಗೋಲಿನಲ್ಲಿ ಅಜ್ಜ, ಮುಂಪಡೆಯಲ್ಲಿ ಶಾಲೆಗೆ ಹೋಗುವ ಮೊಮ್ಮಗಳು. ಮದುವೆಯಾದ ಹೆಣ್ಣುಮಗಳು ಗಂಡನ ಮನೆಯ ಪರವಾಗಿ ಆಡಬಹುದು, ತವರಿನ ಪರವಾಗಿಯೂ ಆಡಬಹುದು. ದೊಡ್ಡ ಮನೆತನಕ್ಕೆ ಆಟಗಾರರ ಆಯ್ಕೆಯೇ ತಲೆನೋವು. ಸಣ್ಣ ಮನೆತನಕ್ಕೆ ಹನ್ನೊಂದು ಮಂದಿಯನ್ನು ಕಲೆಹಾಕುವುದೇ ಒಂದು ಗೆಲುವು. ರಜೆ ಹಾಕಿ ಬಾ ಎಂದು ದೂರದೂರಿಗೆಲ್ಲ ಫೋನು ಹೋಗುತ್ತದೆ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ಎಂ.ಎಂ. ಸೋಮಯ್ಯ ಈ ನೆಲದವರೇ. 1976ರ ಮಾಂಟ್ರಿಯಲ್‌ನಿಂದ ಒಲಿಂಪಿಕ್ಸ್ ಹಾಕಿ ಕೃತಕ ಹಾಸಿಗೆ ಹೋಯಿತು. ಮನೆತನಗಳ ಆಟ ಮಾತ್ರ ಮಣ್ಣು ಬಿಡಲಿಲ್ಲ. ಅಂತರರಾಷ್ಟ್ರೀಯ ಆಟಗಾರನಾಗಲು ಅದು ಸಾಲದಿರಬಹುದು. ಅಜ್ಜನಿಗೂ ಮೊಮ್ಮಗಳಿಗೂ ಧಾರಾಳವಾಗಿ ಸಾಕು.

2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಕಪ್ ಮುಗಿಯಿತು. ಅದೇ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಹಿಂದೆಯೇ ಕೊರೊನಾ ಬಂತು. ನಾಲ್ಕು ವರ್ಷ ಹಬ್ಬವಿಲ್ಲ. 2020ರಲ್ಲಿ ಕುಟ್ಟಪ್ಪನವರೂ ತೀರಿಕೊಂಡರು. ಇನ್ನು ಯಾರು ಬಂದಾರು ಎಂಬ ಅನುಮಾನಕ್ಕೆ ಎಡೆಯಿತ್ತು. ಆದರೆ 2023ರಲ್ಲಿ ಅದೇ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್‌ಗೆ 336 ತಂಡಗಳು ಇಳಿದವು. ಮರುವರ್ಷ ಕುಂಡ್ಯೋಳಂಡ ಕಪ್‌ಗೆ 360. ಗಿನ್ನೆಸ್ ದಾಖಲೆಯೂ ಸಿಕ್ಕಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396 ಮನೆತನಗಳು ಹೆಸರು ಕೊಟ್ಟವು.

ಫೈನಲ್ ಮುಗಿದ ಮೇಲೆ ಗ್ಯಾಲರಿ ಬಿಚ್ಚುತ್ತಾರೆ. ಜೂನಿನ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಉಳಿಯುವುದು ಬಯಲು ಮಾತ್ರ.