ಕ್ಲಚ್ ಸುಟ್ಟದ್ದು ಬಿಸಿಲಿಗಲ್ಲ, ನಮ್ಮ ಕಾಲಿಗೆ



ತೊಗರಿ ರಾಶಿ ಮುಗಿದು ಮಾಲು ಗಂಜಿಗೆ ಹೊಂಟದ. ವರ್ಷದಂಗ ಅದೇ ಮಾತು ಸುರು: "ಕ್ಲಚ್ ಪ್ಲೇಟ್ ಹೋತು, ಕಂಪನಿ ಮಾಲೇ ಹಲ್ಕಾ." ಇನ್ನೊಬ್ಬರು ಕಲಬುರಗಿ ಬಿಸಿಲು ಅಂತಾರ. ರಾಶಿ ಜನವರಿದಾಗ, ಆವಾಗ ಯಾವ ಬಿಸಿಲು?

ನಾನೂ ಹಿಂಗೇ ಬೈಕೋತ ಅಡ್ಡಾಡಿದವ. ಹ್ವಾದ ವರ್ಷ ಎರಡು ಟ್ರಾಲಿ ಕಟ್ಟಿ ದಿಬ್ಬ ಏರಿಸಿದೆ. ನಡುವ ನಿಂತಿತು. ಹಾಫ್ ಕ್ಲಚ್ ಹಿಡಿದು ಎಳೆದೆ, ಸುಟ್ಟ ವಾಸನಿ ಬಂತು. ಪ್ಲೇಟ್ ಬದಲಿಸಲಿಕ್ಕ ಟ್ರ್ಯಾಕ್ಟರ್ ನಡುವ ಬಿಚ್ಚಬೇಕು. ಸುಗ್ಗಿನ್ಯಾಗ ನಾಕು ದಿನ ಗಾಡಿ ನಿಂತಿತು, ಬಾಡಿಗಿ ರೊಕ್ಕ ನನ್ನ ಕಿಸೆದಾಗಿಂದೇ ಹೋತು.

ತಿಳ್ಕೋರಿ. ಅರ್ಧ ಒತ್ತಿದರ ಪ್ಲೇಟ್ ಫ್ಲೈವೀಲಿಗೆ ಪೂರ್ತಿ ಕೂಡಂಗಿಲ್ಲ, ಜಾರತದ. ಗಾಲಿಗೆ ಹೋಗಬೇಕಾದ ಜೋರು ಅಲ್ಲೇ ಕಾವು ಆಗತದ. ಎಷ್ಟೋ ಆಟೋಮ್ಯಾಟಿಕ್ ಗೇರಿನ ಕಾರಿನ್ಯಾಗ ಆ ಕಾವು ಹೊತ್ತು ಒಯ್ಯಲಿಕ್ಕ ಆಯಿಲ್ ಅದ, ಅದನ್ನ ತಂಪು ಮಾಡಲಿಕ್ಕ ಕೂಲರ್ ಅದ. ನಮ್ಮ ಬಹಳ ಟ್ರ್ಯಾಕ್ಟರಿಗೆ ಒಣ ಕ್ಲಚ್. ಕಾದರ ಸುಡೋದೊಂದೇ ದಾರಿ.

ದಿಬ್ಬದ ಬುಡದಾಗೇ ಸಣ್ಣ ಗೇರ್ ಹಾಕ್ರಿ, ನಡುವ ಬದಲಿಸಬ್ಯಾಡ್ರಿ. ಪೆಡಲ್ ಮ್ಯಾಲಿಂದ ಕಾಲು ತೆಗೀರಿ, ಅದು ಕಾಲು ಇಡೋ ಕಟ್ಟಿ ಅಲ್ಲ. ಪೆಡಲಿನ ಆಟ ನೋಡಿಸ್ರಿ. ನಿಂತರ ಗಾಲಿಗೆ ಕಲ್ಲು ಕೊಟ್ಟು, ಹಿಂದಿನ ಟ್ರಾಲಿ ಬಿಚ್ಚಿ, ಒಂದೊಂದೇ ಎಳೀರಿ. ವಾಸನಿ ಬಂದರ ಆರೋತನ ಕಾಯ್ರಿ. ಇಳಿಜಾರಿನ್ಯಾಗ ನ್ಯೂಟ್ರಲ್ ಮಾಡಿದರ ಕ್ಲಚ್ ಅಲ್ಲ, ಜೀವನೇ ಹೋಗತದ.

ಎರಡು ಸಲ ಹೋದರ ಡೀಸೆಲ್ ಹೆಚ್ಚಿಗೆ ಅಂತೀರಿ. ಹೋಗಲಿ. ಡೀಸೆಲ್ ಲೆಕ್ಕ ನೂರರಾಗ, ಕ್ಲಚ್ ಲೆಕ್ಕ ಸಾವಿರದಾಗ. ಕಂಪನಿಗೆ ಬಯ್ಯೋ ಮೊದಲು ನಿಮ್ಮ ಎಡಗಾಲು ಎಲ್ಲಿ ಅದ ನೋಡ್ಕೋರಿ.