ಬುಲ್‌ಬಾರಿಗೆ ಸಲಾಮು, ಊರುಗೋಲಿಗೆ ಜುಲ್ಮಾನೆ

ನಮ್ಮ ಪರಿಚಯದ ದರ್ಜಿಯೊಬ್ಬರಿದ್ದಾರೆ. ಮೂರರ ವಯಸ್ಸಿನಲ್ಲಿ ತಗುಲಿದ ಪೋಲಿಯೊ ಅವರ ಎರಡೂ ಕಾಲುಗಳ ಬಲವನ್ನು ಕಸಿದುಕೊಂಡಿತು. ಉಳಿದದ್ದು ಎರಡು ಕೈ. ಆ ಕೈಗಳನ್ನೇ ನಂಬಿ ಸಂಸಾರ ಸಾಕಿದರು, ತಂಗಿಯ ಮದುವೆ ಮಾಡಿದರು, ಕೊನೆಗೆ ಆಟೋಮ್ಯಾಟಿಕ್ ಗೇರಿನ ಹಳೆಯ ಕಾರೊಂದನ್ನು ಕೊಂಡರು. ಪೆಡಲುಗಳಿಗೆ ಸರಳು ಜೋಡಿಸಿ, ಸ್ಟೇರಿಂಗ್ ಪಕ್ಕಕ್ಕೆ ಒಂದು ಹಿಡಿ ಕೂರಿಸಿದರು. ಒತ್ತಿದರೆ ಬ್ರೇಕು, ಎಳೆದರೆ ವೇಗ. ಇಷ್ಟೇ ಬದಲಾವಣೆ.

ಸುಮ್ಮನೆ ಓಡಿಸಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಆದರೆ ಅವರು ಕಾನೂನಿಗೆ ಅಂಜುವ ಮನುಷ್ಯ. ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಬೇಕೆಂದು ಹೊರಟರು. ಜೊತೆಗೆ ನಾವೂ ಹೋದೆವು. ಮೊದಲ ಕೌಂಟರಿನಲ್ಲಿ, "ಕಂಪನಿಯಿಂದ ಬಂದ ಹಾಗೇ ಇರಬೇಕು, ಏನನ್ನೂ ಮುಟ್ಟುವ ಹಾಗಿಲ್ಲ" ಎಂದರು. ಎರಡನೆಯದರಲ್ಲಿ ಕಿಟ್‌ನ ಸರ್ಟಿಫಿಕೇಟ್ ಕೇಳಿದರು. ಅದಿತ್ತು. ಮೂರನೆಯದರಲ್ಲಿ ಹೊಸ ತಕರಾರು: ಲೈಸೆನ್ಸ್ ಬೇಕಾದರೆ ಕಾರಿನ ಬದಲಾವಣೆ ಮೊದಲು ದಾಖಲಾಗಬೇಕು, ಬದಲಾವಣೆ ದಾಖಲಾಗಬೇಕಾದರೆ ಅಂಥ ಕಾರು ಓಡಿಸುವ ಲೈಸೆನ್ಸ್ ಮೊದಲು ತೋರಿಸಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು!

ಹೊರಗೆ ಚಹದಂಗಡಿಯಲ್ಲಿ ಕೂತಿದ್ದ ಏಜೆಂಟನೊಬ್ಬ ಎಲ್ಲವನ್ನೂ ಬಗೆಹರಿಸಿದ. "ಸರಳು ಬಿಚ್ಚಿಸಿಕೊಂಡು ಬನ್ನಿ ಸಾಹೇಬ್ರೇ, ಗಾಡಿ ಪಾಸ್ ಮಾಡಿಸ್ಕೊಡ್ತೀನಿ. ಮನೆಗೆ ಹೋಗಿ ಮತ್ತೆ ಹಾಕಿಸ್ಕೊಳ್ಳಿ."

ಓದುಗರು ಈ ಮಾತನ್ನು ಇನ್ನೊಮ್ಮೆ ಓದಬೇಕು. ಸುರಕ್ಷೆಯ ಹೆಸರಿನಲ್ಲಿ ನಡೆಯುವ ತಪಾಸಣೆ, ತಪಾಸಣೆಯಾಗಲೇಬೇಕಾದ ಏಕೈಕ ಭಾಗವನ್ನು ಬಿಚ್ಚಿಟ್ಟು ಬಾ ಎನ್ನುತ್ತಿದೆ. ಆ ಸರಳು ಗಟ್ಟಿಯಾಗಿದೆಯೋ, ವೆಲ್ಡಿಂಗ್ ಬಿಡುತ್ತದೆಯೋ, ತುರ್ತಿನಲ್ಲಿ ಬ್ರೇಕ್ ಹಿಡಿಯುತ್ತದೆಯೋ ಎಂದು ಯಾವ ಬ್ರೇಕ್ ಇನ್‌ಸ್ಪೆಕ್ಟರೂ ನೋಡುವುದಿಲ್ಲ. ಕಾಗದ ಶುದ್ಧ, ರಸ್ತೆ ದೇವರ ಪಾಲು!

ಅದೇ ಗೇಟಿನ ಮುಂದೆ ಒಂದು ದೊಡ್ಡ ಜೀಪು ನಿಂತಿತ್ತು. ಮುಂಭಾಗಕ್ಕೆ ಕಬ್ಬಿಣದ ಬುಲ್‌ಬಾರ್, ಗಾಜಿಗೆ ಕಪ್ಪು ಹಾಳೆ. ಪಾದಚಾರಿಗೆ ಬಡಿದರೆ ಆ ಕಬ್ಬಿಣ ಎಲುಬು ಮುರಿಯುತ್ತದೆ ಎಂದೇ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಬುಲ್‌ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದದ್ದು. ಕಪ್ಪು ಹಾಳೆಯನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತ್ತು. ಆ ಜೀಪಿನಿಂದ ಇಳಿದವರಿಗೆ ಕಾವಲಿನವನು ಸಲಾಮು ಹೊಡೆದ. ಆಗಾಗ ಪೊಲೀಸರು ಹುಡುಗರ ಬೈಕುಗಳ ಸೈಲೆನ್ಸರ್ ಕಿತ್ತು, ಸಾಲಾಗಿಟ್ಟು, ರೋಲರ್ ಹಾಯಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಆಕ್ಷೇಪವಿಲ್ಲ, ಕಿವಿ ಹರಿಯುವ ಸದ್ದು ಯಾರಿಗೂ ಬೇಡ. ಆದರೆ ಸಾಲಾಗಿಟ್ಟ ಬುಲ್‌ಬಾರ್‌ಗಳ ಮೇಲೆ ರೋಲರ್ ಹಾಯ್ದ ಫೋಟೊವನ್ನು ನಾವಿನ್ನೂ ನೋಡಿಲ್ಲ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕೌಂಟರುಗಳಲ್ಲಿ ಕೂತವರಿಗೆ ಇಷ್ಟು ನೆನಪಿದೆ. ಅದೇ ವರ್ಷ ಸಂಸತ್ತು ಕಾಯ್ದೆಗೆ ತಂದ ತಿದ್ದುಪಡಿ ಮಾತ್ರ ನೆನಪಿಲ್ಲ. ಹಳೆಯ ಕಾಯ್ದೆ ಅಂಗವಿಕಲರ ವಾಹನವೆಂದರೆ ವಿಶೇಷವಾಗಿ ನಿರ್ಮಿಸಿದ್ದೇ ಆಗಿರಬೇಕು, ಬರೀ ಮಾರ್ಪಡಿಸಿದ್ದು ಸಲ್ಲದು ಎನ್ನುತ್ತಿತ್ತು. 2019ರ ತಿದ್ದುಪಡಿ ಆ ಅವಮಾನವನ್ನು ಅಳಿಸಿ, ಮಾರ್ಪಡಿಸಿದ ವಾಹನವನ್ನೂ ಒಪ್ಪಿತು. ನೋಂದಣಿ ಅಧಿಕಾರಿಯ ಒಪ್ಪಿಗೆಯನ್ನು ಬದಲಾವಣೆಯ ಅನಂತರ ಪಡೆಯಬಹುದೆಂದು ಬರೆಯಿತು. ಅದಕ್ಕೂ ಮೊದಲೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಮು, ವಾಹನಗಳ ಮಾರ್ಪಾಡಿಗೆ ಯೋಜನೆ ರೂಪಿಸುವುದನ್ನು ಸರಕಾರದ ಹೊಣೆಯಾಗಿಸಿತ್ತು. 2023ರ ಜನವರಿಯಲ್ಲಿ ಸಚಿವಾಲಯ ಇಂಥ ವಾಹನಗಳ ತಾತ್ಕಾಲಿಕ ನೋಂದಣಿಗೆ ಕರಡು ನಿಯಮಗಳನ್ನೂ ಪ್ರಕಟಿಸಿತು. ದಿಲ್ಲಿಯಲ್ಲಿ ಬರೆದ ಅಕ್ಷರ ನಮ್ಮ ಊರಿನ ಕೌಂಟರಿಗೆ ತಲುಪಲು ಎಷ್ಟು ವರ್ಷ ಬೇಕು?

ಅದೇ 2019ರ ತಿದ್ದುಪಡಿಯ ದಂಡದ ಭಾಗ ಮಾತ್ರ ಬಹಳ ಬೇಗ ತಲುಪಿದೆ. ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಅನುಮತಿಯ ಬಾಗಿಲು ಮುಚ್ಚಿಟ್ಟು, ಅನುಮತಿಯಿಲ್ಲದವನನ್ನು ಹಿಡಿಯುವುದು ನ್ಯಾಯವಲ್ಲ, ಬೇಟೆ. ನಾಳೆ ಅಪಘಾತವಾದರೆ ವಿಮೆಯವರಿಗೂ ಒಂದು ನೆಪ ಸಿಕ್ಕಿತು: ಬದಲಾವಣೆ ಆರ್‌ಸಿಯಲ್ಲಿಲ್ಲ.

ಇದು ಕಷ್ಟದ ಕೆಲಸ, ಸುರಕ್ಷೆಯ ಪ್ರಶ್ನೆ ಎನ್ನುವವರಿಗೆ ನಮ್ಮ ಉತ್ತರ ಗ್ಯಾಸ್ ಕಿಟ್. ಪೆಟ್ರೋಲ್ ಕಾರಿಗೆ ಸಿಎನ್‌ಜಿ, ಎಲ್‌ಪಿಜಿ ಕೂರಿಸುವುದು ಸಣ್ಣ ಬದಲಾವಣೆಯೇ? ಬೆಂಕಿ ಹೊತ್ತಿಕೊಳ್ಳಬಲ್ಲ ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟುಕೊಂಡು ಓಡಾಡುವುದು ಅದು. ಆದರೂ ದಾರಿ ಸ್ಪಷ್ಟವಾಗಿದೆ: ಪರೀಕ್ಷಾ ಸಂಸ್ಥೆ ಒಪ್ಪಿದ ಕಿಟ್, ಅಧಿಕೃತ ಗ್ಯಾರೇಜು, ಆರ್‌ಸಿಯಲ್ಲಿ ನಮೂದು, ಸಿಲಿಂಡರಿಗೆ ಕಾಲಕಾಲಕ್ಕೆ ತಪಾಸಣೆ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಗಳು ಇರುವುದೇ ಇದಕ್ಕೆ. ನಗರದ ಹೊಗೆ ತಗ್ಗಬೇಕೆಂದಾಗ ಸರಕಾರಕ್ಕೆ ದಾರಿ ಹೊಳೆಯಿತು. ಕಾಲಿಲ್ಲದವನೊಬ್ಬ ತನ್ನ ಅಂಗಡಿಗೆ ತಾನೇ ಹೋಗಬೇಕೆಂದಾಗ ಏಕೆ ಹೊಳೆಯುವುದಿಲ್ಲ? ಕೊರತೆ ಇರುವುದು ತಂತ್ರಜ್ಞಾನದಲ್ಲಲ್ಲ, ಮನಸ್ಸಿನಲ್ಲಿ.

ನಾವು ರಿಯಾಯಿತಿ ಕೇಳುತ್ತಿಲ್ಲ. ಇನ್ನೂ ಕಟ್ಟುನಿಟ್ಟಿನ ತಪಾಸಣೆಯನ್ನೇ ಕೇಳುತ್ತಿದ್ದೇವೆ. ಒಪ್ಪಿಗೆ ಪಡೆದ ಕಿಟ್‌ಗಳ ಪಟ್ಟಿಯನ್ನು ಪ್ರತಿ ಆರ್‌ಟಿಒ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ಲೈಸೆನ್ಸ್ ಮತ್ತು ಆರ್‌ಸಿ ಎರಡಕ್ಕೂ ಒಂದೇ ಅರ್ಜಿ, ಒಂದೇ ದಿನದ ಪರೀಕ್ಷೆ ಇರಲಿ. ಸರಳನ್ನು ಹಿಡಿದು ಅಲ್ಲಾಡಿಸಿ ನೋಡಲಿ, ಕಾರನ್ನು ಓಡಿಸಿ ನಿಲ್ಲಿಸಲು ಹೇಳಲಿ. ಸರಿಯಿಲ್ಲದಿದ್ದರೆ ನಿರಾಕರಿಸಲಿ, ಆದರೆ ಕಾರಣವನ್ನು ಬರೆದು, ಸಹಿ ಹಾಕಿ ಕೊಡಲಿ. ಬಾಯಿಮಾತಿನ 'ಆಗುವುದಿಲ್ಲ' ಎಂಬುದು ಏಜೆಂಟನ ಜೇಬಿಗೆ ಬೀಳುವ ನೋಟು.

ನಮ್ಮ ದರ್ಜಿ ಸರಳು ಬಿಚ್ಚಿಸಲು ಒಪ್ಪಲಿಲ್ಲ. "ಜೋಡಿಸಿದ್ದನ್ನು ತೋರಿಸೋದಕ್ಕೆ ಬಂದಿದ್ದೀನಿ, ಬಚ್ಚಿಡೋದಕ್ಕಲ್ಲ" ಎಂದರು. ಕಾರು ಈಗ ಅವರ ಅಂಗಡಿಯ ಮುಂದೆ ಹೊದಿಕೆ ಹೊದ್ದು ನಿಂತಿದೆ. ಅವರು ದಿನಾ ಆಟೋದಲ್ಲಿ ಬಂದು, ಅದನ್ನೊಮ್ಮೆ ನೋಡಿ, ಒಳಗೆ ಹೋಗಿ ಹೊಲಿಗೆಗೆ ಕೂರುತ್ತಾರೆ.