ಹೂವಿನ ಅನುಭವ ಮಂಟಪ
ಚಿಕ್ಕಬಳ್ಳಾಪುರ ಸೀಮೆಯ ತೊಂಡೇಬಾವಿಯಲ್ಲಿ ರೈಲು ಹತ್ತಿದರೆ ಬೆಂಗಳೂರು ದೂರವಲ್ಲ. ಈ ಸೀಮೆಯ ಗುಲಾಬಿ, ಸೇವಂತಿಗೆಗಳಿಗೂ ಆ ಪೇಟೆಯ ದಾರಿ ಚೆನ್ನಾಗಿ ಗೊತ್ತು. 2024ರ ಜನವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ಬಸವಣ್ಣನವರಿಗೆ ಮೀಸಲಾಗಿತ್ತು. ಗಾಜಿನ ಮನೆಯೊಳಗೆ ಹೂಗಳಿಂದಲೇ, ಬಸವಣ್ಣ ಮತ್ತು ಶರಣರು ಕೂಡುತ್ತಿದ್ದ ಅನುಭವ ಮಂಟಪ ಎದ್ದಿತು. ಕಲ್ಲಿನ ಗುಡಿಗಿಂತ ನಡೆದಾಡುವ ದೇಹವನ್ನೇ ನೆಚ್ಚಿದ ಶರಣರಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ನನಗೆ ತೋಚದು. ಕಲ್ಲಾಗಿದ್ದರೆ ಒಮ್ಮೆ ನೋಡಿ ಮರೆಯುತ್ತಿದ್ದೆವೇನೋ. ಹೂವಿನದಾದರೋ ದಿನದಿನಕ್ಕೂ ಬಣ್ಣ ಮಾಸುತ್ತದೆ, ಅಂಚು ಕಂದುತ್ತದೆ, ದಳ ಉದುರುತ್ತದೆ. ಬಾಡಿದ್ದನ್ನು ಕಿತ್ತು ಹೊಸ ಹೂ ಸಿಕ್ಕಿಸುವ ಕೈಗಳ ದುಡಿಮೆಯೂ ಆ ಕಲಾಕೃತಿಯ ಭಾಗವೇ ಎಂದು ನಾನು ಬಲವಾಗಿ ನಂಬುತ್ತೇನೆ. ಮೊದಲ ದಿನದ ಸೊಬಗು ನೋಡಲು ನಾವೆಲ್ಲ ನೂಕಾಡುತ್ತೇವೆ. ಮುಂದಿನ ಪ್ರದರ್ಶನಗಳಲ್ಲಾದರೂ, ಮುಗಿದ ಮೇಲೆ ಒಂದೆರಡು ದಿನ ಹೂವಿನ ಕಲಾಕೃತಿಯನ್ನು ಹಾಗೇ ಬಾಡಲು ಬಿಟ್ಟು, ಆ ಬಾಡುವಿಕೆಯನ್ನೂ ನೋಡಲೆಂದು ಶಾಲೆಯ ಮಕ್ಕಳಿಗೆ ಬಾಗಿಲು ತೆರೆದಿಡಲಿ.